ಹಳೇ ಹಾಸಿನ ತುದಿ

ಗ್ಯಾಸ್ ಒಲೆ ಬಂದ ಮೇಲೆ ನಮ್ಮ ಮನೆಯಲ್ಲಿ ಬೂದಿ ಇಲ್ಲದಂತಾಯಿತು. ಪಾತ್ರೆ ತಿಕ್ಕಲು ಸೋಪಿನ ಬಿಲ್ಲೆ ಬಂತು, ಹಲ್ಲಿಗೆ ಪೇಸ್ಟು ಬಂತು, ಬೂದಿಯ ನೆನಪೇ ಯಾರಿಗೂ ಆಗುತ್ತಿರಲಿಲ್ಲ. ಆದರೆ ಹಾಸು ಕೆಚ್ಚುವ ದಿನ ಬಂತೆಂದರೆ ನಾನು ಒಂದು ಡಬ್ಬಿ ಹಿಡಿದುಕೊಂಡು, ಬೀದಿಯಲ್ಲಿ ಯಾರ ಮನೆಯ ಹಂಡೆ ಒಲೆ ಇನ್ನೂ ಉರಿಯುತ್ತದೆಂದು ನೋಡಿಕೊಂಡು ಹೋಗುತ್ತಿದ್ದೆ.

ನೇಕಾರರ ಮನೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೀರೆಯ ಉದ್ದಕ್ಕೆ ಹೋಗುವ ನೂಲಿಗೆ ಹಾಸು ಅನ್ನುತ್ತೇವೆ, ಲಾಳಿಯಲ್ಲಿ ಅಡ್ಡಕ್ಕೆ ಓಡುವುದು ಹೊಕ್ಕು. ಹಾಸಿನ ಎಳೆಗಳೆಲ್ಲ ಹಣಿಗೆಯ ಹಲ್ಲುಗಳ ನಡುವೆ ಹಾದು ಬರಬೇಕು. ಹಣಿಗೆ ಎಂದರೆ ಮಗ್ಗದ ಅಗಲಕ್ಕೂ ನಿಂತ ಒಂದು ಬಾಚಣಿಗೆ ಅಂದುಕೊಳ್ಳಿ. ಒಂದು ಹಾಸು ಮುಗಿಯಿತೆಂದಾಗ ಕೊನೆಯ ಗೇಣುದ್ದದ ನೂಲನ್ನು ನೇಯುವುದಿಲ್ಲ. ಅದನ್ನು ಹಣಿಗೆಯಲ್ಲೇ ಬಿಟ್ಟು, ಹಿಂಬದಿಯಲ್ಲಿ ಹಿಡಿಹಿಡಿಯಾಗಿ ಗಂಟು ಹಾಕಿ ಇಟ್ಟಿರುತ್ತೇವೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ತುದಿಯ ಒಂದೊಂದು ಎಳೆಗೆ ಬೆರಳಲ್ಲಿ ಹೊಸೆದು ಕೂಡಿಸುವುದೇ ಕೆಚ್ಚುವುದು. ಬೆರಳಿಗೆ ಬೂದಿ ಸೋಕಿಸಿಕೊಂಡರೆ ರೇಷ್ಮೆ ಜಾರುವುದಿಲ್ಲ. ಆಮೇಲೆ ಮೆಲ್ಲಗೆ ಎಳೆದರೆ ಹಳೆಯ ತುದಿ ಹೊಸ ಹಾಸನ್ನು ಕೈಹಿಡಿದು ಹಣಿಗೆಯೊಳಕ್ಕೆ ಕರೆತರುತ್ತದೆ.

ಆ ತುದಿಯನ್ನು ಕತ್ತರಿಸಬಾರದು. ಕತ್ತರಿಸಿದರೆ ಎಳೆಗಳನ್ನೆಲ್ಲ ಮೊದಲಿಂದ ಒಂದೊಂದಾಗಿ ಹಣಿಗೆಗೆ ಪೋಣಿಸಬೇಕು, ಅದು ಬೆನ್ನು ಮುರಿಯುವ ಕೆಲಸ. ಅದು ಒಂದು ಕಾರಣ. ಇನ್ನೊಂದು, ತುದಿ ಕತ್ತರಿಸುವುದು ಮಗ್ಗ ಮುಚ್ಚುವವರು. ನಮ್ಮ ಸಾಲಿನ ಕೊನೇ ಮನೆಯವರು ಮಗ್ಗ ಬಿಚ್ಚಿದ ದಿನ ದೀಪ ಹಚ್ಚಿ, ಕೈಮುಗಿದು, ತುದಿ ಕತ್ತರಿಸಿ, ಆ ನೂಲನ್ನು ಹೊಳೆಗೆ ಬಿಟ್ಟು ಬಂದಿದ್ದರು. ನಮ್ಮತ್ತೆ ಬದುಕಿರುವವರೆಗೆ ಮಗ್ಗದ ಸುತ್ತ ಕತ್ತರಿಯನ್ನೇ ಇಡಗೊಡುತ್ತಿರಲಿಲ್ಲ. ಹಾಸಿಲ್ಲದೆ ಮಗ್ಗ ಎಷ್ಟು ದಿನ ಖಾಲಿ ಇದ್ದರೂ ತುದಿ ಇದ್ದರೆ ಅದು ಬದುಕಿದ ಮಗ್ಗವೇ ಎಂದು ಅವರ ಮಾತು.

ನಮ್ಮದು ಕೊಳ್ಳೇಗಾಲದಲ್ಲಿ ಮಗ್ಗದ ಮನೆ. ನನ್ನ ತಂಗಿಯನ್ನು ಕೊಟ್ಟದ್ದು ಬಂಡಳ್ಳಿಗೆ. ಅವರದು ರೇಷ್ಮೆ ಹುಳುವಿನ ಮನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾವಿಬ್ಬರು ಒಂದೇ ರೇಷ್ಮೆಯ ಎರಡು ಕೊನೆಗೆ ಸೇರಿದ್ದೆವು. ದೂರದಿಂದ ನೋಡುವವರಿಗೆ, ಇದೆಂಥ ಚೆಂದ, ಅವಳು ಗೂಡು ಬೆಳೆಯುತ್ತಾಳೆ, ಇವಳು ಸೀರೆ ಮಾಡುತ್ತಾಳೆ ಅನ್ನಿಸಬಹುದು. ಸಂಗತಿ ಹಾಗಿರಲಿಲ್ಲ. ನಮ್ಮವರು ನೇಯುತ್ತಿದ್ದ ಹಾಸು ಚೈನಾದ ನೂಲು. ಸಾಹುಕಾರರು ಬೆಂಗಳೂರಿಂದ ತರಿಸಿ, ಹಾಸು ಮಾಡಿಸಿ ಕೊಡುತ್ತಿದ್ದರು, ನಮ್ಮದು ನೇಯ್ದು ಕೊಡುವ ಕೆಲಸ. ಅದು ಕೂದಲಿನ ಹಾಗೆ ಸಣ್ಣ, ಉದ್ದಕ್ಕೂ ಒಂದೇ ಸಮ. ಸರ್ಕಾರದವರು ಹೊರಗಿನ ನೂಲಿನ ಸುಂಕ, ಅದೇ ಡ್ಯೂಟಿ, ಏರಿಸಿದರೆ ಊರಿನ ಗೂಡಿಗೆ ಬೆಲೆ ಬಂದು ಬಂಡಳ್ಳಿಯಲ್ಲಿ ಒಬ್ಬಟ್ಟು ಬೇಯುತ್ತಿತ್ತು, ನಮ್ಮಲ್ಲಿ ಹಾಸು ತಡವಾಗುತ್ತಿತ್ತು. ಡ್ಯೂಟಿ ಇಳಿಸಿದರೆ ನಮ್ಮಲ್ಲಿ ಮಗ್ಗ ಬಿಡುವಿಲ್ಲದೆ ಬಡಿಯುತ್ತಿತ್ತು, ಅವಳು ಗೂಡು ಮಾರಿ ಬರುವಾಗ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದಳು. ಎರಡು ಮನೆಯಲ್ಲೂ ಒಟ್ಟಿಗೆ ನಗು ಇದ್ದ ವರ್ಷ ನನಗೆ ನೆನಪಿಲ್ಲ.

ಗೂಡಿನ ಮಾರುಕಟ್ಟೆಗೆ ಬಂದಾಗಲೆಲ್ಲ ತಂಗಿ, ತಂಗಿಯ ಗಂಡ ನಮ್ಮಲ್ಲೇ ಊಟ. ಮುದ್ದೆ, ಉಪ್ಸಾರು, ಉಪ್ಸಾರಿನ ಖಾರ. ಷಡ್ಡಕರಿಬ್ಬರೂ ಎದುರುಬದುರು ಕೂತರೆ ಮಾತಿಗೆ ಬರವಿರಲಿಲ್ಲ.

"ಅಣ್ಣ, ಈ ಸಲ ಮುದ್ದೆ ಸಣ್ಣದಾಗದಾ, ನನ್ ಕಣ್ಣಿಗೇ ಅಂಗ್ ಕಾಣ್ತದಾ?" ಎಂದು ತಂಗಿಯ ಗಂಡ ಶುರು ಮಾಡುವರು.

"ಡ್ಯೂಟಿ ಏರದ ಕಣಪ್ಪ, ಮುದ್ದೆಗೂ ಆಕವ್ರೆ," ಅನ್ನುವರು ನಮ್ಮವರು.

"ನೀವು ಚೈನಾದವ್ರ ಕಡೆ ಅಲ್ವಾ? ದೊಡ್ ಮುದ್ದೆಯ ಅವ್ರನ್ನೇ ಕೇಳಿ."

"ಲೇ, ನೀನ್ ಗೂಡು ಬೆಳುದ್ರೆ ಆಯ್ತಾ? ಅದ್ನ ಸೀರೆ ಮಾಡಾಕೆ ನಮ್ಮಂತೋರು ಬೇಕು. ಚೈನಾದವ್ನು ಬಂದು ಮಗ್ಗದ್ ಕುಣೀಲಿ ಕುಂತು ನೇಯ್ದಾನಾ?"

"ತಿನ್ನಾಗ ಸುಮ್ಕಿರಿ ಇಬ್ರೂವೆ," ಎಂದು ತಂಗಿ ಅಡ್ಡ ಬರುವಳು. "ಓದಿರದು ಮೂರ್ನೇ ಕ್ಲಾಸು, ಮಾತಾಡದು ಡೆಲ್ಲಿದು."

ನಗುತ್ತಿದ್ದೆವು. ನಕ್ಕು ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರು ಸ್ವಲ್ಪ ಹೊತ್ತು ತಟ್ಟೆ ನೋಡುತ್ತಾ ಕೂರುವುದು ಇದ್ದೇ ಇತ್ತು.

ಈ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನಮ್ಮ ಮಗ್ಗದ ಹಾಸು ಮುಗಿಯಿತು. ನಮ್ಮವರು ಎಂದಿನಂತೆ ಗೇಣುದ್ದ ಬಿಟ್ಟು, ಗಂಟು ಹಾಕಿ, ಮೇಲೊಂದು ಹಳೇ ಪಂಚೆ ಹೊದಿಸಿ, ಸಾಹುಕಾರರ ಮನೆಗೆ ಸೀರೆ ಒಪ್ಪಿಸಲು ಹೋದರು. ಹೊಸ ಹಾಸಿಲ್ಲದೆ ಬರಿಗೈಲಿ ಬಂದರು. ದೇಶ ದೇಶಗಳಿಗೆ ಏನೋ ಮನಸ್ತಾಪವಂತೆ, ನೂಲಿನ ಮೇಲೆ ಸುಂಕ ಏರಿಸಿದ್ದಾರಂತೆ, ಬರುವ ಮಾಲೂ ಹಡಗಿನಲ್ಲೇ ನಿಂತಿದೆಯಂತೆ. "ಆ ರೇಟಿಗೆ ನೂಲು ತಂದು ನಾನು ಯಾರಿಗೆ ಸೀರೆ ಮಾರಲಿ? ಸ್ವಲ್ಪ ತಡೀರಿ" ಎಂದರಂತೆ ಸಾಹುಕಾರರು.

ತಡೆದೆವು. ಮಗ್ಗದ ಮನೆಯಲ್ಲಿ ಮಗ್ಗದ ಸದ್ದು ನಿಂತರೆ ಗಡಿಯಾರ ನಿಂತ ಹಾಗೆ. ಎಷ್ಟು ಹೊತ್ತಿಗೆ ಅನ್ನಕ್ಕಿಡಬೇಕು, ಎಷ್ಟು ಹೊತ್ತಿಗೆ ಕಾಫಿ ಎಂಬುದೆಲ್ಲ ನನಗೆ ಆ ಸದ್ದಿನಲ್ಲೇ ತಿಳಿಯುತ್ತಿತ್ತು. ಈಗ ಸುಮ್ಮನೆ ಬೇಗ ಅಡುಗೆ ಮಾಡಿಟ್ಟು ಆರಿಸಿಬಿಡುತ್ತಿದ್ದೆ. ನಮ್ಮವರು ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಮಗ್ಗದ ಧೂಳು ಹೊಡೆದು, ಪಂಚೆ ಸರಿಸಿ ತುದಿ ನೋಡಿ, ಮತ್ತೆ ಹೊದಿಸುವರು. ಜಿರಲೆ ಕಡಿಯದಿರಲೆಂದು ನಾನು ಬೇವಿನ ಸೊಪ್ಪು ಇಡುತ್ತಿದ್ದೆ. ಸೊಪ್ಪು ಒಣಗುತ್ತಿತ್ತು, ಬದಲಾಯಿಸುತ್ತಿದ್ದೆ.

ನಮ್ಮ ಪಕ್ಕದ ಮನೆಯಾಕೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮಳೆಗಾಲದಲ್ಲಿ ಒಂದು ದಿನ ನಲ್ಲಿ ಹತ್ತಿರ ಸಿಕ್ಕವಳು ಹೇಳಿದಳು: ಆ ಕಡೆಯ ಇನ್ನೊಂದು ನೆರೆ ದೇಶದಿಂದ ಬರುತ್ತಿದ್ದ ಅಂಗಿ ಚಡ್ಡಿಗಳನ್ನು ಗಡಿಯಲ್ಲಿ ತಡೆದಿದ್ದಾರಂತೆ. ಆ ಆರ್ಡರುಗಳಲ್ಲಿ ಒಂದಿಷ್ಟು ಈ ಕಡೆ ತಿರುಗಿ ಅವರ ಫ್ಯಾಕ್ಟರಿಯಲ್ಲಿ ಹೊಸ ಮೆಷಿನ್ ಹಾಕಿದ್ದಾರಂತೆ.

"ಒಬ್ರ ಜಗಳ ಇನ್ನೊಬ್ರ ಕೂಳು ಕಣಕ್ಕ," ಅಂದಳು. "ಗೇಟಿಗೆ ಒಬ್ರು ನಂಬುಕಸ್ತರು ಬೇಕಂತೆ. ಅಣ್ಣೋರ್ನ ಒಂದ್ ಮಾತು ಕೇಳಿ."

ಕೇಳಿದೆ. ನಮ್ಮವರು ಊಟ ಮುಗಿಸಿ ಕೈತೊಳೆದು ಬಂದು, "ಬೇರೇರು ಒಲ್ದ ಅಂಗಿಯ ಕಾಯಾಕೆ ಓಗ್ಲಾ ಅಮ್ಮಿ ನಾನು?" ಅಂದರು. ಆಮೇಲೆ ತಾವೇ, "ದೀವಳ್ಗೆ ಗಂಟ ನೋಡ್ಮ. ಅಷ್ಟ್ರೊಳ್ಗೆ ಮಗ್ಗುಕ್ಕೆ ಹಾಸು ಬರ್ದಿದ್ರೆ ಓಯ್ತೀನಿ" ಎಂದರು. ಅದು ನಿಗದಿಯಾಯಿತು. ಅವತ್ತಿಂದ ಮಗ್ಗದ ಮೇಲಿನ ಪಂಚೆ ನೋಡಿದಾಗಲೆಲ್ಲ ನನಗೆ ದೀವಳಿಗೆಯದೇ ಯೋಚನೆ.

ಅಪ್ಪ ಅವ್ವ ಹೋದ ಮೇಲೆ ತಂಗಿಗೆ ಗೌರಿ ಹಬ್ಬದ ತವರು ನಮ್ಮ ಮನೆಯೇ. ಬಾಗಿನದ ಜೊತೆಗೆ ನಮ್ಮವರು ಅವಳಿಗೊಂದು ರವಿಕೆ ಬಟ್ಟೆ ಕೊಡುತ್ತಿದ್ದರು, ಸಾಹುಕಾರರನ್ನು ಕೇಳಿಯೇ ಹಾಸಿನ ಕೊನೆಯಲ್ಲಿ ಉಳಿಸಿ ನೇಯ್ದದ್ದು. ಅಂಗಡಿ ರವಿಕೆ ಅವಳು ಹಬ್ಬಕ್ಕೆ ತೊಟ್ಟದ್ದೇ ಇಲ್ಲ. ಆ ಗೌರಿಗೆ ಬಾಗಿನದ ಮೊರದಲ್ಲಿ ಅಂಗಡಿಯ ರವಿಕೆ ಕಣ ಇಟ್ಟು ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ಮಡಿಲಿಗೆ ಹಾಕಿಕೊಂಡಳು. ಊಟ ಆದ ಮೇಲೆ ಮಗ್ಗದ ಹತ್ತಿರ ಹೋಗಿ ಪಂಚೆ ಎತ್ತಿ ನೋಡಿದಳು.

"ಭಾವ, ಒಂದು ಹಾಸ್ಗೆ ಎಷ್ಟು ಗೂಡು ಬೇಕು?" ಅಂದಳು.

"ಯಾಕವ್ವ?"

"ಈ ಸಲ ಬಿಳಿ ಗೂಡು ಆಕಿವಿ. ಹಳದಿದಲ್ಲ. ಬಿಳಿದು ಹಾಸ್ಗೂ ಬತ್ತದೆ ಅಂತಾರಲ್ಲ. ಮಾರ್ಕೆಟ್ಗೆ ಒಂದಿಷ್ಟು ಕಮ್ಮಿ ತಂದ್ರಾಯ್ತು."

ಆಗ ಗೂಡಿಗೆ ಒಳ್ಳೆಯ ಬೆಲೆ. ಡ್ಯೂಟಿ ಏರಿದ್ದರಿಂದಲೇ ಬಂದ ಬೆಲೆ. ಆ ಹೊತ್ತಿನಲ್ಲಿ ಗೂಡು ಎತ್ತಿಡುವುದೆಂದರೆ ಕೈಗೆ ಬಂದದ್ದನ್ನು ಬಿಟ್ಟ ಹಾಗೆ. ನಮ್ಮವರು ಬೇಡವೆಂದರು. ಅವಳ ಗಂಡನೇ ಬಾಗಿಲಿಂದ, "ತಕಳಿ ಅಣ್ಣ. ನೀವು ಸುಮ್ಕೆ ಕುಂತ್ರೆ ನನ್ಗ ಜಗಳಕ್ಕೆ ಜನ ಇಲ್ದಂಗಾಯ್ತದೆ" ಎಂದರು.

ಅವರ ಮನೆಯ ಹುಳ ಆಗಲೇ ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಹುಳು ಪೊರೆ ಬಿಡಲು ಊಟ ಬಿಟ್ಟು ಮಲಗುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದರೆ ಸೊಪ್ಪು ಹಾಕಿದಷ್ಟೂ ಸಾಲದು. ಹುಳ ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರ ತಟ್ಟಿಯಲ್ಲಿ ಗೂಡು ಕಟ್ಟಿ, ಅದನ್ನು ಬಿಡಿಸಿ, ಅವರು ಚೀಲದಲ್ಲಿ ತುಂಬಿಕೊಂಡು ಯಳಂದೂರು ಕಡೆ ನೂಲು ಬಿಚ್ಚುವವರೊಬ್ಬರಲ್ಲಿಗೆ ಒಯ್ದರು. ಹುರಿ ಹಾಕಿಸಿ, ಬಣ್ಣ ಮಾಡಿಸಿದ್ದು ನಮ್ಮವರು. ಯಾವ ಬಣ್ಣ ಎಂದು ತಂಗಿಯನ್ನೇ ಕೇಳಿದರು. ಎಳೆ ಅರಿಶಿನ ಅಂದಳು. ಸೀರೆ ಆದಂತೆ ತಾವೇ ಕೊಳ್ಳುವುದಾಗಿ ಸಾಹುಕಾರರೂ ಒಪ್ಪಿದ್ದರು.

ಹಾಸು ಕೆಚ್ಚುವ ದಿನ ತಂಗಿ ಬೆಳಗಿನ ಬಸ್ಸಿಗೇ ಬಂದಳು, ತನಗೂ ಕಲಿಸೆಂದು. ನಾನು ಬೂದಿ ತಂದಿದ್ದೆ. ಅವಳ ಬೆರಳುಗಳು ಹುಳುವಿಗೆ ಹಿಪ್ಪುನೇರಳೆ ಕಡ್ಡಿ ಕೊಯ್ದು ಕೊಯ್ದು ಒಡೆದಿದ್ದವು, ರೇಷ್ಮೆ ಎಳೆ ಒರಟಿಗೆ ಸಿಕ್ಕಿಕೊಂಡು ಬರುತ್ತಿತ್ತು.

"ನನ್ ಕೈ ಉಳ ಮೇಯ್ಸಾಕೇ ಸರಿ ಕಣಕ್ಕ, ನೂಲ್ಗಲ್ಲ," ಎಂದಳು. ಎದ್ದು ಹೋಗಲಿಲ್ಲ. ನಾನು ಹೊಸೆಯುವುದಕ್ಕೆ ಎಳೆ ಬಿಡಿಸಿ ಬಿಡಿಸಿ ಕೊಡುತ್ತಾ ಕೂತಳು. ಒಂದು ಎಳೆಯನ್ನು ಬೆಳಕಿಗೆ ಹಿಡಿದು, "ಇದು ಯಾವ ತಟ್ಟೆ ಉಳುದ್ದೋ, ಗೊತ್ತಾಗಕಿಲ್ಲ ಅಲ್ವಾ ಈಗ" ಅಂದಳು. ಅವಳ ಕೈಯಿಂದ ಬಂದ ನೂಲು ಚೈನಾದ ತುದಿಗೆ ಸೇರಿ, ಹಣಿಗೆಯೊಳಗೆ ಹಾದು ಮುಂದೆ ಬಂದಿತು. ಸಂಜೆಗೆ ನಮ್ಮವರು ಕುಣಿಯಲ್ಲಿ ಕಾಲಿಳಿಸಿ ಕೂತು ಲಾಳಿ ಬಿಟ್ಟರು. ಆ ಸದ್ದಿಗೆ ಪಕ್ಕದ ಮನೆಯಾಕೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದಳು.

ತೊಂದರೆ ತಿಳಿದದ್ದೂ ಸದ್ದಿನಿಂದಲೇ. ಮಾರನೆಯ ದಿನ ಅಡುಗೆಮನೆಯಲ್ಲಿದ್ದವಳಿಗೆ ಮಗ್ಗ ನಡೆಯುವುದು, ನಿಲ್ಲುವುದು, ಮತ್ತೆ ನಾಲ್ಕು ಏಟು, ಮತ್ತೆ ನಿಲ್ಲುವುದು ಕೇಳಿಸುತ್ತಿತ್ತು. ನಿಂತಾಗಲೆಲ್ಲ ಎಳೆ ಹರಿದಿದೆ ಎಂದು ಅರ್ಥ. ಹೋಗಿ ನೋಡಿದರೆ ಹಣಿಗೆಯ ಹಲ್ಲುಗಳ ಮುಂದೆ ನೂಲಿನ ಜುಂಗು ಹತ್ತಿಯ ಹಾಗೆ ಗುಡ್ಡೆಯಾಗಿತ್ತು. ಬಟ್ಟೆಯ ಮೇಲೆ ಉದ್ದಕ್ಕೂ ಗೆರೆ.

ಊರಿನ ನೂಲು ಚೈನಾದಕ್ಕಿಂತ ಒಂದು ಕೂದಲಷ್ಟು ದಪ್ಪ. ಅದು ಕೊರತೆಯಲ್ಲ, ಅದರ ಗುಣ. ಅದಕ್ಕೆ ಹಲ್ಲು ಸ್ವಲ್ಪ ಬಿಡುವಾಗಿರುವ ಹಣಿಗೆ ಬೇಕು. ನಮ್ಮದು ಸಣ್ಣ ನೂಲಿನ ಒತ್ತು ಹಣಿಗೆ, ಎಳೆಯನ್ನು ಎರಡೂ ಕಡೆಯಿಂದ ಉಜ್ಜಿ ಉಜ್ಜಿ ಸವೆಸುತ್ತಿತ್ತು. ಇದು ನಮ್ಮವರಿಗೆ ತಿಳಿಯದ್ದಲ್ಲ. ಹಾಸು ತರುವ ಮೊದಲೇ ತಿಳಿದಿತ್ತು. ಒಂದು ಕೂದಲು ತಾನೇ, ಗಂಜಿ ಕುಡಿಸಿದರೆ ಹೊಂದಿಕೊಳ್ಳುತ್ತದೆ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಹೊರಗಿನವನು ಯಾರಾದರೂ ಈ ತಪ್ಪು ಮಾಡುತ್ತಿರಲಿಲ್ಲ, ನೂಲಿಗೆ ತಕ್ಕ ಹಣಿಗೆ ಹಾಕುತ್ತಿದ್ದ. ಮಗ್ಗದ ಮನೆಯಲ್ಲಿ ಹುಟ್ಟಿದವರೇ ಮಾಡುವ ತಪ್ಪು ಇದು.

"ಅಟ್ಟದ ಮೇಲೆ ಅತ್ತೆ ಕಾಲದ ಅಣಿಗೆ ಅದಲ್ಲ, ಊರ್ ನೂಲ್ದು," ಅಂದೆ ನಾನು.

"ಅದ ಆಕ್ಬೇಕಾದ್ರೆ ಇದ್ರಲ್ಲಿರದ ಕತ್ತರಿಸ್ಬೇಕು."

"ಕತ್ತರ್ಸಿ."

"ನಾಳೀಕೆ ಸಾವ್ಕಾರ್ರು ಚೈನಾ ಹಾಸು ಕಳುಸುದ್ರೆ ಏನ್ಗ ಕೆಚ್ಚೀಯೆ? ನಿನ್ ಜಡೆಗಾ?"

ಅದೂ ನಿಜವೇ. ಹಳೆಯ ತುದಿ ಆಗಲೇ ಬಟ್ಟೆಯೊಳಗೆ ಸೇರಿಹೋಗಿತ್ತು, ಆದರೆ ಒತ್ತು ಹಣಿಗೆಯಲ್ಲಿ ಯಾವುದೋ ಒಂದು ನೂಲು ಇರುವವರೆಗೆ ತುದಿ ಇದೆಯೆಂದೇ ನಮ್ಮ ಲೆಕ್ಕ. ಸಾಹುಕಾರರ ಹಾಸು ಯಾವತ್ತು ಬಂದರೂ ಕೆಚ್ಚಿಕೊಂಡು ಕೂರಬಹುದು. ಅಷ್ಟು ತಿಂಗಳು ಬೇವಿನ ಸೊಪ್ಪು ಇಟ್ಟು ಕಾದದ್ದು ಅದಕ್ಕೇ. ಅವರು ಗಂಜಿ ಹೆಚ್ಚು ಮಾಡಿದರು. ಎಳೆ ಹರಿಯುವುದು ಕಡಿಮೆಯಾಗಲಿಲ್ಲ. ಅರ್ಧ ಸೀರೆ ಹೀಗೇ ಆಯಿತು.

ತಂಗಿ ಸೀರೆ ನೋಡುವ ಆಸೆಯಿಂದ ಬಂದ ದಿನವೇ ಸಾಹುಕಾರರೂ ಆ ಬೀದಿಗೆ ಬಂದಿದ್ದವರು ಒಳಗೆ ಬಂದರು. ಬಟ್ಟೆಯ ಮೇಲೆ ಬೆರಳಾಡಿಸಿದರು. ಮೇಲಿಂದ ಕೆಳಗೆ ಗೆರೆಗಳನ್ನು ನೋಡಿದರು. ಒರಟು ಮನುಷ್ಯರಲ್ಲ ಅವರು, ಮೆಲ್ಲಗೇ ಹೇಳಿದರು.

"ನಾಡ ನೂಲು ಇಷ್ಟೇ ಕಣಮ್ಮ. ಎಂಥ ಗೂಡು ತಂದ್ರೂ ಹಾಸಿಗೆ ಬರಲ್ಲ. ನಾನು ಮೊದಲೇ ಹೇಳಬೇಕಿತ್ತು."

ತಂಗಿ ಸೆರಗಿನ ತುದಿ ಹಿಡಿದು ನಿಂತಿದ್ದಳು. "ಸೊಪ್ಪು ಒಸಿ ಬಲ್ತಿತ್ತೇನೋ ಆವಾಗ," ಅಂದಳು. "ಕಡೇ ಎರಡ್ ದಿವ್ಸ ಎಳೇದು ಸಿಕ್ನಿಲ್ಲ. ನಂದೇ ತಪ್ಪು ಬುಡಿ."

ನಮ್ಮವರ ಕೈ ಹಣಿಗೆಯ ಮೇಲೇ ಇತ್ತು. ನಾನು ಅವರ ಮುಖ ನೋಡಿದೆ. ಅವರು ಏನೂ ಹೇಳಲಿಲ್ಲ. ಸಾಹುಕಾರರು ಹೊರಟರು. ತಂಗಿ ಊಟಕ್ಕೆ ಕೂರಲಿಲ್ಲ, ಬಸ್ಸು ತಪ್ಪುತ್ತದೆ ಅಂದಳು. ಬಂಡಳ್ಳಿಯ ಬಸ್ಸು ಇನ್ನೂ ಎಷ್ಟೋ ಇದ್ದವು. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ. ದಾರಿಯಲ್ಲಿ, ಅದು ನಿನ್ನ ನೂಲಿನದಲ್ಲ ಕಣೇ, ಹಣಿಗೆಯದು ಅಂದೆ. "ನೀನು ಅಕ್ಕ ಅಲ್ವಾ, ಇನ್ನೇನ್ ಅಂದೀಯ" ಎಂದು ಬಸ್ಸು ಹತ್ತಿದಳು.

ಮನೆಗೆ ಬಂದಾಗ ನಮ್ಮವರು ಅಟ್ಟದಿಂದ ಹಳೇ ಹಣಿಗೆ ಇಳಿಸಿ, ಗೋಡೆಗೊರಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

"ಕತ್ತರಿ ಎಲ್ಲದ?" ಅಂದರು.

ತಂದುಕೊಟ್ಟೆ. ಏನೋ ನೆನಪಾಗಿ, "ದೀಪ ಅಚ್ಲಾ?" ಎಂದು ಕೇಳಿದೆ.

"ದೀಪ ಅಚ್ಚದು ಮುಚ್ಚೋರು. ನಾನೇನ್ ಮುಚ್ತಾ ಇದ್ದನಾ?"

ಹಾಗೆಂದು ಹಣಿಗೆಯ ಮುಂದಿನ ಎಳೆಗಳನ್ನು ಹಿಡಿಹಿಡಿಯಾಗಿ ಕೈಗೆ ತೆಗೆದುಕೊಂಡರು. ಅವರ ಅಪ್ಪ ಚೈನಾ ನೂಲಿಗೆಂದು ಒತ್ತು ಹಣಿಗೆ ಹೂಡಿದಾಗಿನಿಂದ ಆ ಮಗ್ಗದಲ್ಲಿ ಎಳೆ ಕಡಿದದ್ದಿಲ್ಲ. ಒಂದರ ತುದಿಗೆ ಒಂದು, ಒಂದರ ತುದಿಗೆ ಒಂದು, ಹಾಗೇ ಕೆಚ್ಚಿಕೊಂಡು ಬಂದದ್ದು. ಕತ್ತರಿಸಿದರು. ಸದ್ದೇನೂ ಆಗಲಿಲ್ಲ. ರೇಷ್ಮೆ ಕತ್ತರಿಸಿದರೆ ಸದ್ದಾಗುವುದಿಲ್ಲ.

ಆಮೇಲಿನ ದಿನಗಳೆಲ್ಲ ಪೋಣಿಸುವ ಕೆಲಸ. ನಾನು ಹಿಂದೆ ಕೂತು ಒಂದೊಂದೇ ಎಳೆ ಮುಂದೆ ಚಾಚುವುದು, ಅವರು ಹಣಿಗೆಯ ಸಂದಿನಲ್ಲಿ ಕೊಕ್ಕೆ ತೂರಿಸಿ ಎಳೆದುಕೊಳ್ಳುವುದು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಬೆರಳು ಮಾತ್ರ ಕಾಣುತ್ತದೆ. ಕನ್ನಡಕ ಹಾಕಿದರೂ ನನ್ನ ಕಣ್ಣು ಸಂಜೆಗೆ ನೀರಾಡುತ್ತಿತ್ತು. ನಡುವೆ ಒಂದು ಸಲ ಅವರು, "ಅವ್ಳ ಮುಂದ ಬಾಯ್ ಬುಡ್ಬೇಕಾಗಿತ್ತು ನಾನು" ಅಂದರು. ನಾನು ಮುಂದಿನ ಎಳೆ ಚಾಚಿದೆ.

ಹಳೇ ಹಣಿಗೆಯಲ್ಲಿ ಆ ನೂಲು ನಡೆದ ಚೆಂದವೇ ಬೇರೆ. ಮಗ್ಗ ಒಂದೇ ಸಮ ಬಡಿಯಿತು. ನನಗೆ ಅನ್ನಕ್ಕಿಡುವ ಹೊತ್ತು ಮತ್ತೆ ಗೊತ್ತಾಗತೊಡಗಿತು. ಬಟ್ಟೆಯ ಮೇಲೆ ಗೆರೆಯಿಲ್ಲ, ಜುಂಗಿಲ್ಲ, ಎಳೆ ಅರಿಶಿನದ ಮೈ ತುಂಬಿ ಬಂತು. ಚೈನಾದ್ದರ ಹಾಗೆ ಜಾರುವುದಿಲ್ಲ, ಕೈಯಲ್ಲಿ ಸ್ವಲ್ಪ ತೂಕ ಕೂರುತ್ತದೆ.

ಅಷ್ಟರಲ್ಲಿ ಡ್ಯೂಟಿ ಇಳಿಯಿತು. ಪೇಪರಿನಲ್ಲಿ ಬಂದಿದೆ ಎಂದು ಟೀ ಅಂಗಡಿಯಲ್ಲಿ ಯಾರೋ ಓದಿ ಹೇಳಿದರಂತೆ. ನಿಂತಿದ್ದ ಮಾಲೂ ಬಂದಿತಂತೆ. ಸಾಹುಕಾರರು ನಮ್ಮವರನ್ನು ಕರೆಸಿದರು. ಸಣ್ಣ ನೂಲಿನ ಹಾಸು ಸಿದ್ಧವಾಗಿ ಅವರ ಜಗುಲಿಯ ಮೇಲಿತ್ತಂತೆ. ಮದುವೆ ಸೀರೆಯ ಕಾಲ, ಅವರಿಗೆ ತಕ್ಷಣ ಕೂರುವ ಮಗ್ಗ ಬೇಕು.

"ತುದಿ ಇದೆಯಲ್ಲ?" ಎಂದು ಕೇಳಿದರಂತೆ.

"ಇಲ್ಲ, ಕತ್ತರಿಸ್ಬುಟ್ಟೆ," ಎಂದರಂತೆ ನಮ್ಮವರು.

ಹಾಸು ಆಚೆ ಬೀದಿಯ ಮಗ್ಗಕ್ಕೆ ಹೋಯಿತು. ಅವರ ತುದಿ ಹಾಗೇ ಇತ್ತು. ಸಾಹುಕಾರರದು ತಪ್ಪೆನ್ನಲಾರೆ, ನಾವು ಮತ್ತೆ ಪೋಣಿಸಿಕೊಂಡು ಕೂರುವವರೆಗೆ ಅವರ ಗಿರಾಕಿ ಕಾಯುವುದಿಲ್ಲ. ಅದಾದ ಮೇಲೆ ಬಂದ ಹಾಸುಗಳೂ ಆಚೆ ಬೀದಿಗೇ ಹೋದವು. ನಮ್ಮವರು ಮನೆಗೆ ಬಂದು, ಅಂಗಿ ಗೂಟಕ್ಕೆ ಹಾಕಿ, ಕಾಲು ತೊಳೆದುಕೊಂಡು, ಇಷ್ಟನ್ನು ಹೇಳಿ ಕುಣಿಗಿಳಿದು ತಂಗಿಯ ಹಾಸನ್ನೇ ಮುಂದುವರಿಸಿದರು. ಅಷ್ಟು ತಿಂಗಳು ಕಾಯ್ದ ತುದಿ, ಬೇಕಾಗುವ ಹೊತ್ತಿಗೆ ಸ್ವಲ್ಪ ಮೊದಲು ಕತ್ತರಿಸಿದ್ದೆವು. ಅಂದಿನಿಂದ ಅವರು ಟೀವಿಯಲ್ಲಿ ನ್ಯೂಸ್ ಹಾಕಿದರೆ ಎದ್ದು ಹೊರಗೆ ಹೋಗುತ್ತಿದ್ದರು.

ದೀವಳಿಗೆ ಬಂತು. ಗೆರೆ ಬಿದ್ದ ಆ ಅರ್ಧ ಸೀರೆಗೇ ಅಷ್ಟು ನೂಲು ಹಾಳಾಗಿದ್ದರಿಂದ ಉಳಿದದ್ದರಲ್ಲಿ ಒಂದೇ ಒಂದು ಒಳ್ಳೆಯ ಸೀರೆ ಆಯಿತು. ಅದನ್ನು ಸಾಹುಕಾರರಿಗೆ ಒಯ್ಯಲಿಲ್ಲ. ಇಬ್ಬರೂ ಬಸ್ಸು ಹತ್ತಿ ಬಂಡಳ್ಳಿಗೆ ಹೋದೆವು.

ಕಡ್ಡಿ ತೋಟ ಕಿತ್ತ ವಿಷಯ ತಂಗಿ ಫೋನಿನಲ್ಲಿ ಹೇಳಿದ್ದಳು. ಡ್ಯೂಟಿ ಇಳಿದು ಗೂಡಿನ ಬೆಲೆ ಕುಸಿದ ಮೇಲೆ ಅವಳ ಗಂಡ ಇನ್ನು ಈ ಏರಿಳಿತ ಸಾಕೆಂದು ನಿಶ್ಚಯ ಮಾಡಿಬಿಟ್ಟಿದ್ದರು. ಹನೂರಿಗೆ ಹೋಗಿ ಜೋಳದ ಬಿತ್ತನೆ ತಂದು ಇಟ್ಟಿದ್ದರು. ಆದರೂ ಕಣ್ಣಲ್ಲಿ ನೋಡಿದಾಗ ಬೇರೆ. ಹಸಿರಾಗಿ ಎದೆಮಟ್ಟ ನಿಲ್ಲುತ್ತಿದ್ದ ತೋಟ ಕೆಂಪು ಮಣ್ಣಾಗಿತ್ತು, ಬುಡಗಳನ್ನೆಲ್ಲ ಯಂತ್ರದಲ್ಲಿ ಕಿತ್ತು ಬದುವಿನ ಮೇಲೆ ರಾಶಿ ಹಾಕಿದ್ದರು. ಹುಳು ಮನೆಯ ಬಾಗಿಲು ತೆಗೆದಿತ್ತು, ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿದ್ದರು. ಮತ್ತೆ ಬಳಸುವವರ ಹಾಗೆ ತೊಳೆದಿದ್ದಳು ನನ್ನ ತಂಗಿ.

ನಮ್ಮವರೇ ಸೀರೆ ಬಿಚ್ಚಿ ಅವಳ ಕೈಗೆ ಕೊಟ್ಟರು. ಅವಳು ಸೀರೆಯನ್ನು ಮೊಣಕಾಲ ಮೇಲೆ ಹಾಕಿಕೊಂಡು ಸವರಿದಳು. ಒರಟು ಬೆರಳಿಗೆ ಅದೂ ಸ್ವಲ್ಪ ಸಿಕ್ಕಿಕೊಂಡಿತು.

"ಇದು ನಮ್ದೇನಾ?" ಅಂದಳು.

"ನಿನ್ ನೂಲಲ್ಲಿ ಏನೂ ಕೊರೆ ಇರ್ಲಿಲ್ಲ ಕಣವ್ವ," ಎಂದರು ನಮ್ಮವರು. "ಅಣಿಗೆ ತಪ್ಪಾಗಿತ್ತು. ನನ್ಗ ಗೊತ್ತಿತ್ತು."

"ಅದ ಅವತ್ತೇ ಏಳಿದ್ರೆ..." ಅಂದವಳು ಮಡಿಕೆಯನ್ನು ನೇರ ಮಾಡಿದಳು. "ಏಳಿದ್ರೂ ಕಡ್ಡಿ ಉಳೀತಿರ್ಲಿಲ್ಲ ಬುಡಿ ಭಾವ."

ಊಟಕ್ಕೆ ಕೂತಾಗ ತಂಗಿಯ ಗಂಡ ಹಳೇ ಚಾಳಿಗೆ, "ಅಂತೂ ನಿಮ್ ಕಡೆ ಗೆಲ್ತು ಅಣ್ಣ" ಅಂದರು.

"ಗೆದ್ದೋರು ನಾಳೆಯಿಂದ ಗೇಟು ಕಾಯಾಕೆ ಓಯ್ತಾವ್ರೆ ಕಣಪ್ಪ."

ತಂಗಿ ಈ ಸಲ ಇಬ್ಬರನ್ನೂ ಗದರಿಸಲಿಲ್ಲ. ಮುದ್ದೆ ಬೇಕಾ ಎಂದು ಕೇಳಿದಳು ಅಷ್ಟೇ.

ಈಗ ನಮ್ಮವರು ನೀಲಿ ಅಂಗಿ ಹಾಕಿಕೊಂಡು ಗಾರ್ಮೆಂಟ್ಸಿನ ಗೇಟಿಗೆ ಹೋಗುತ್ತಾರೆ. ಮೊದಲ ದಿನ ಆ ಅಂಗಿಯ ತೋಳನ್ನು ಹೆಬ್ಬೆಟ್ಟಿನಲ್ಲಿ ಉಜ್ಜಿ ನೋಡಿ, "ಹಾಸೂ ಸರಿಯಿಲ್ಲ, ಹೊಕ್ಕೂ ಸರಿಯಿಲ್ಲ" ಎಂದು ಹಾಕಿಕೊಂಡರು. ಪಕ್ಕದ ಮನೆಯಾಕೆ ಹೇಳುವಂತೆ ಅಲ್ಲೂ ಆರ್ಡರು ಸಡಿಲವಾಗುತ್ತಿದೆಯಂತೆ. ಆ ನೆರೆ ದೇಶದವರ ಜೊತೆ ರಾಜಿ ಮಾತು ನಡೆದಿದೆಯಂತೆ. ರಾಜಿಯಾಗಲಿ, ಒಳ್ಳೆಯದೇ. ಆದರೆ ಅದನ್ನು ಕೇಳಿದಾಗ ನನಗೆ ಚಿಂತೆಯಾಗುವುದು ನಮ್ಮವರ ಗೇಟಿನ ಕೆಲಸದ್ದು.

ಮಗ್ಗ ಇದೆ. ಹಳೇ ಹಣಿಗೆಯಲ್ಲಿ ತಂಗಿಯ ಎಳೆ ಅರಿಶಿನದ ನೂಲು ಗೇಣುದ್ದ ಇದೆ. ನಮ್ಮವರು ಅದನ್ನೂ ಹಿಡಿಹಿಡಿಯಾಗಿ ಗಂಟು ಹಾಕಿ, ಪಂಚೆ ಹೊದಿಸಿದ್ದಾರೆ. ಅದಕ್ಕೆ ಕೆಚ್ಚಬೇಕಾದರೆ ಅಂಥದೇ ಊರ ನೂಲು ಬರಬೇಕು. ಆ ತೋಟದಲ್ಲಿ ಈಗ ಜೋಳ ಮೊಳೆತಿದೆ.

ಬಂಡಳ್ಳಿಯಿಂದ ಬರುವಾಗ ತಂಗಿಯ ಗಂಡ ಕಿತ್ತ ಕಡ್ಡಿ ಬುಡಗಳನ್ನು ಎರಡು ಕಟ್ಟು ಕಟ್ಟಿ ಬಸ್ಸಿನ ಮೇಲೆ ಹಾಕಿಸಿದ್ದರು, ಉರಿಯಲಿ ಎಂದು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಈಗ ಸ್ನಾನದ ನೀರನ್ನು ಅದರಲ್ಲೇ ಕಾಯಿಸುತ್ತೇನೆ. ರೇಷ್ಮೆ ಕಡ್ಡಿಯ ಬೂದಿ ಬೆಳ್ಳಗೆ, ಹಿಟ್ಟಿನ ಹಾಗೆ ನುಣ್ಣಗಿರುತ್ತದೆ. ಮೊನ್ನೆ ಅದನ್ನು ಜರಡಿ ಹಿಡಿದು ಡಬ್ಬಿಗೆ ತುಂಬುತ್ತಿದ್ದೆ. ಒಂದು ಡಬ್ಬಿ ತುಂಬಿ ಇನ್ನೊಂದು ತೆಗೆದುಕೊಂಡಿದ್ದೆ. ನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೊರಟಿದ್ದ ನಮ್ಮವರು ನಿಂತು ನೋಡಿದರು.

"ಅಷ್ಟು ಬೂದಿ ಏನ್ ಮಾಡೀಯೆ ಅಮ್ಮಿ?"

"ಇರ್ಲಿ," ಅಂದೆ.

ಅವರು ಊಟದ ಕ್ಯಾರಿಯರ್ ಎತ್ತಿಕೊಂಡು ಹೋದರು. ಡಬ್ಬಿಗಳಿಗೆ ಮುಚ್ಚಳ ಹಾಕಿ ಮಗ್ಗದ ಪಕ್ಕದಲ್ಲಿಟ್ಟೆ. ಪಂಚೆಯ ಕೆಳಗಿನ ಬೇವಿನ ಸೊಪ್ಪು ಒಣಗಿತ್ತು, ಅದನ್ನು ತೆಗೆದು ಹೊಸದು ಇಟ್ಟೆ.